ಬೆಲ್ಟಿನ ಬಣ್ಣ, ಬೈಠಕ್ಕಿನ ಲೆಕ್ಕ

“ಸರ, ನಮ್ಮ ಹುಡುಗಿಗೆ ಬ್ಲ್ಯಾಕ್ ಬೆಲ್ಟ್ ಎಷ್ಟ ತಿಂಗಳಿಗೆ ಬರತೈತ್ರಿ?”

ಅಳ್ನಾವರದ ಕರಾಟೆ ಕ್ಲಾಸೊಂದರ ಬಾಗಿಲಲ್ಲಿ ನಿಂತು ತಾಯಿಯೊಬ್ಬರು ಕೇಳಿದರು. ನಾನು ಮಾಸ್ತರ ಅಲ್ಲ, ನೋಡಲು ಬಂದವನು ಎಂದು ಹೇಳುವಷ್ಟರಲ್ಲಿ ತಗಡಿನ ಮೇಲೆ ಮಳೆ ಜೋರಾಯಿತು, ನನ್ನ ಮಾತು ಅವರಿಗೆ ಕೇಳಿಸಲಿಲ್ಲ. ಮಗಳಿಗೆ ಇನ್ನೂ ಬಿಳಿ ಬೆಲ್ಟಿನ ಗಂಟು ಹಾಕಲು ಬರುತ್ತಿರಲಿಲ್ಲ. ಎರಡೂ ತುದಿ ಸಮ ಇಳಿಯಬೇಕು. ಅವಳದು ಒಂದು ಮೊಣಕಾಲಿಗೆ, ಇನ್ನೊಂದು ಹೊಕ್ಕುಳಕ್ಕೆ. ನಾಲ್ಕು ಸಲ ಬಿಚ್ಚಿದಳು, ಕಟ್ಟಿದಳು. ಐದನೆಯ ಸಲ ಹೆಚ್ಚುಕಡಿಮೆ ಸಮ ಬಂತು. ಯಾರ ಮುಖವನ್ನೂ ನೋಡದೆ ಹೋಗಿ ಸಾಲಿನಲ್ಲಿ ನಿಂತಳು. ಬೆನ್ನು ಮಾತ್ರ ಮೊದಲಿಗಿಂತ ನೆಟ್ಟಗಿತ್ತು. ತಾಯಿಯ ಕಣ್ಣು ಗೋಡೆಗೆ ತೂಗಿಬಿಟ್ಟ ಬಣ್ಣದ ಬೆಲ್ಟುಗಳ ಮೇಲಿತ್ತು.

ಆ ಬಣ್ಣಗಳ ಕಥೆಯನ್ನು ತಂದೆ-ತಾಯಿ ತಿಳಿದಿರುವುದು ಒಳ್ಳೆಯದು. ಕರಾಟೆಗೆ ಅವು ಬಂದದ್ದು ಜೂಡೊದಿಂದ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಜೂಡೊ ಶಾಲೆ ತೆರೆದರು. ನುರಿತವರಿಗೆ ಕಪ್ಪು ಪಟ್ಟಿ ಕಟ್ಟುವ ರೂಢಿ ಆ ದಶಕದಲ್ಲೇ ಅಲ್ಲಿ ಬಂತು. ನಡುವಿನ ಹಳದಿ, ಹಸಿರು, ನೀಲಿಗಳು ಬೆಳೆದದ್ದು ಯುರೋಪಿನಲ್ಲಿ. ಲಂಡನ್ನಿನ ಬುಡೊಕ್ವಾಯ್ ಕ್ಲಬ್ಬಿನಲ್ಲಿ 1920ರ ದಶಕದಲ್ಲಿ ಕಾಣಿಸಿಕೊಂಡವು, ಮುಂದಿನ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೂಡೊ ಶಿಕ್ಷಕ ಕವೈಶಿ ಅವುಗಳನ್ನು ಗಟ್ಟಿ ಮಾಡಿದರು. ದೂರದ ಕಪ್ಪು ಬೆಲ್ಟಿಗೆ ವರ್ಷಗಟ್ಟಲೆ ಕಾಯುವವರ ಉತ್ಸಾಹ ಆರದಿರಲಿ ಎಂದು ನಡುನಡುವೆ ಹಾಕಿದ ಮೆಟ್ಟಿಲು ಅವು. ಇನ್ನು ಮೊದಲ ಕಪ್ಪು ಬೆಲ್ಟಿಗೆ ಜಪಾನಿಯರು ಹೇಳುವುದು ಶೋದಾನ್ ಎಂದು. ಅಂದರೆ ಆರಂಭದ ದರ್ಜೆ. ನಾವು ಅದನ್ನೇ ಮುಕ್ತಾಯ ಎಂದು ತಿಳಿದು ಫೀ ಕಟ್ಟುತ್ತೇವೆ.

ನನಗೆ ಬೆಲ್ಟಿಗಿಂತ ಹಿಡಿಸುವುದು ಇತೊಸು ಮಾಸ್ತರ ಮಾಡಿದ ಕೆಲಸ. ಓಕಿನಾವಾದ ಅಂಕೊ ಇತೊಸು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕರಾಟೆಯನ್ನು ಸರ್ಕಾರಿ ಶಾಲೆಯೊಳಗೆ ತಂದವರು. ಹಳೆಯ ಕಟಗಳು, ಅಂದರೆ ಕ್ರಮವಾಗಿ ಮಾಡುವ ಏಟು-ತಡೆಗಳ ಸರಣಿಗಳು, ಉದ್ದವೂ ಕಠಿಣವೂ ಆಗಿದ್ದವು. ಅವರು ಮಕ್ಕಳಿಗೆಂದೇ ಐದು ಚಿಕ್ಕ ಕಟ ಕಟ್ಟಿದರು. ಇಂದು ಶೋಟೊಕಾನ್ ಶೈಲಿಯ ಕರಾಟೆ ಕಲಿಯುವ ಮಗು ಮೊದಲು ಮಾಡುವ ಹೇಯಾನ್ ಶೋದಾನ್ ಆ ಐದರಲ್ಲೊಂದು: ಒಟ್ಟು 21 ಚಲನೆ. ಎಡಕ್ಕೆ ತಿರುಗಿ ತಡೆ, ಮುಂದೆ ಹೆಜ್ಜೆ ಇಟ್ಟು ಗುದ್ದು. ಈ ವಾರ ಇಷ್ಟೇ ಕಲಿ ಎಂದರೆ ಏಳು ವರ್ಷದ ಮಗುವಿಗೂ ಅದು ಕೈಗೆಟುಕುವ ಕೆಲಸ.

1981ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಆಲ್ಬರ್ಟ್ ಬಂಡೂರಾ ಮತ್ತು ಡೇಲ್ ಶುಂಕ್ ಕೈಗೆಟುಕುವ ಚಿಕ್ಕ ಗುರಿಯ ಈ ಗುಟ್ಟನ್ನೇ ಕಳೆಯುವ ಲೆಕ್ಕದಲ್ಲಿ ಪರೀಕ್ಷಿಸಿದರು. ಗಣಿತ ಎಂದರೆ ಹಿಂಜರಿಯುವ ಮಕ್ಕಳು, ಏಳು ಪಾಠ, 42 ಪುಟ. ಒಂದು ಗುಂಪಿಗೆ ದಿನಕ್ಕೆ ಆರು ಪುಟ ಎಂದರು, ಇನ್ನೊಂದಕ್ಕೆ ಕೊನೆಗೆ ಎಲ್ಲ 42 ಮುಗಿಸಿ ಎಂದರು. ಒಟ್ಟು ಕೆಲಸ ಎರಡೂ ಗುಂಪಿಗೆ ಒಂದೇ. ಆದರೆ ಲೆಕ್ಕವನ್ನೂ ತನ್ನ ಮೇಲಿನ ನಂಬಿಕೆಯನ್ನೂ ಲೆಕ್ಕದ ರುಚಿಯನ್ನೂ ಹೆಚ್ಚು ಗಳಿಸಿದ್ದು ಆರು ಪುಟದ ಗುಂಪು.

ಕುಸ್ತಿಯ ಗರಡಿಯ ವಸ್ತಾದರು ಈ ಪ್ರಬಂಧ ಓದಿದವರಲ್ಲ, ಆದರೂ ಅವರ ಲೆಕ್ಕವೂ ಇದೇ. ಅಳ್ನಾವರದಿಂದ ಹಳಿಯಾಳ ಅರ್ಧ ಗಂಟೆಯ ಬಸ್ಸಿನ ದಾರಿ. ಆ ಕಡೆಯ ಹುಡುಗ-ಹುಡುಗಿಯರಿಗೆ ಕುಸ್ತಿ ಹೊಸದಲ್ಲ. ಗರಡಿಗೆ ಬಂದ ಹೊಸ ಹುಡುಗನ ಕೈಗೆ ಮೊದಲು ಸಿಗುವುದು ಪಟ್ಟಲ್ಲ, ಸಲಿಕೆ. ಕೆಮ್ಮಣ್ಣು ಅಗೆದು, ಹೆಂಟೆ ಒಡೆದು, ಹದ ಮಾಡಬೇಕು. ಆಮೇಲೆ ಬೈಠಕ್, ಅಂದರೆ ಕುಳಿತೇಳುವ ಕಸರತ್ತು. ನಿನ್ನೆ ಇಪ್ಪತ್ತಾಗಿದ್ದರೆ ಇವತ್ತು ಇಪ್ಪತ್ತೆರಡು. ಇಪ್ಪತ್ತಕ್ಕೇ ತೊಡೆ ನಡುಗಲು ಶುರುವಾದಾಗ “ಇನ್ನ ಎರಡ ಹೊಡಿ ಮಗಾ” ಎಂಬ ಕೂಗು. ಜಾತ್ರೆಯ ಕಣದಲ್ಲಿ ಗೆಲ್ಲುವುದು ಎದುರಾಳಿಯ ಕೈಯಲ್ಲೂ ಇರುತ್ತದೆ. ಆ ಇನ್ನೆರಡು ಬೈಠಕ್ ಹುಡುಗನ ಕೈಯಲ್ಲೇ ಇವೆ. ಮಗುವಿಗೆ ಕೊಡುವ ಗುರಿಯಲ್ಲಿ ನಾನು ನೋಡುವುದು ಇದೊಂದನ್ನೇ.

ಗರಡಿಯನ್ನು ಹೊಗಳಿ ಕರಾಟೆಯನ್ನು ತೆಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ಗರಡಿಯಲ್ಲಿ ಬೈಗುಳವೂ ಇತ್ತು, ಸೋತ ಹುಡುಗನನ್ನು ಗೇಲಿ ಮಾಡುವ ಚಟವೂ ಇತ್ತು. ನನ್ನದೇ ಕಥೆ ಹೇಳುವುದಾದರೆ, ಹುಡುಗನಾಗಿದ್ದಾಗ ಎರಡೇ ತಿಂಗಳಿಗೆ ಹಳದಿ ಬೆಲ್ಟ್ ಕಟ್ಟಿಸಿಕೊಂಡವನು ನಾನು. ಪರೀಕ್ಷೆಯ ದಿನ ದುಡ್ಡು ತಂದವರೆಲ್ಲ ಪಾಸು. ಮರುವಾರ ಗೆಳೆಯನೊಬ್ಬ ತಮಾಷೆಗೆ ನೂಕಿದ. ಬೀಳುವುದನ್ನೇ ಕಲಿಯದ ನಾನು ಕೈ ಊರಿ ಮಣಿಕಟ್ಟು ಉಳುಕಿಸಿಕೊಂಡೆ. ಬೆಲ್ಟ್ ಪೆಟ್ಟಿಗೆ ಸೇರಿತು. ಆ ಬೆಲ್ಟಿನಿಂದ ನನಗೆ ಧೈರ್ಯ ಬರಲಿಲ್ಲ, ಇನ್ನು ಯಾರಾದರೂ ಪರೀಕ್ಷಿಸಿಬಿಟ್ಟಾರು ಎಂಬ ಹೆದರಿಕೆ ಬಂತು.

ಸರ್ಕಾರಿ ಶಾಲೆಯ ಹುಡುಗಿಯರಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಕೊಡುವ ಆತ್ಮರಕ್ಷಣೆಯ ತರಬೇತಿ ಮೂರು ತಿಂಗಳದ್ದು. ಅಷ್ಟರಲ್ಲಿ ಬೆಲ್ಟ್ ಬರಲೇಬೇಕು ಎಂದೇನೂ ಇಲ್ಲ. ಹೊಟ್ಟೆಯಿಂದ ಕೂಗುವುದು, ಹಿಡಿದ ಕೈಯನ್ನು ಹೆಬ್ಬೆರಳಿನ ಸಂದಿನ ಕಡೆಗೆ ತಿರುಚಿ ಬಿಡಿಸಿಕೊಳ್ಳುವುದು, ಪೆಟ್ಟಾಗದಂತೆ ಬಿದ್ದು ಏಳುವುದು: ಮೂರು ತಿಂಗಳಿಗೆ ಈ ಮೂರು ಸಾಕು. ತರಗತಿಯಲ್ಲಿ ಹೆಸರು ಕರೆದರೂ ದನಿ ಏರದ ಹುಡುಗಿಗೆ ಮೊದಲನೆಯದೇ ಒಂದು ತಿಂಗಳು ಹಿಡಿದೀತು, ಹಿಡಿಯಲಿ.

ಮಕ್ಕಳನ್ನು ಕ್ಲಾಸಿಗೆ ಹಾಕುವವರಿಗೆ ಒಂದು ಮಾತು. ಫೀ ಕಟ್ಟುವ ಮುಂಚೆ ಎರಡು ದಿನ ಮೂಲೆಯಲ್ಲಿ ಕುಳಿತು ನೋಡಿ. ಮೊದಲ ತಿಂಗಳು ಏನು ಕಲಿಸುತ್ತೀರಿ ಎಂದು ಮಾಸ್ತರನ್ನು ಕೇಳಿ. ಬೀಳುವುದನ್ನು ಕಲಿಸುತ್ತೇವೆ ಎಂದರೆ ಸೇರಿಸಿ. ಬೆಲ್ಟಿನ ದರಪಟ್ಟಿ ಕೊಟ್ಟರೆ ಮಗುವಿನ ಕೈ ಹಿಡಿದು ಮನೆಗೆ ಕರೆದುಕೊಂಡು ಬನ್ನಿ.