ಶಾಲೆಯ ನೆಲದ ಮೇಲೊಂದು ಗೋಪುರ

ಸಿಂಗಪುರದ ಜನನಿಬಿಡ ಬ್ರಾಸ್ ಬಾಸಾ ರಸ್ತೆಯ ಬಳಿ 73 ಅಂತಸ್ತುಗಳ, 226 ಮೀಟರ್ ಎತ್ತರದ ಸ್ಟ್ಯಾಮ್‌ಫರ್ಡ್ ಹೋಟೆಲು ನಿಂತಿದೆ. 1986ರಲ್ಲಿ ತೆರೆದಾಗ ಅದು ಜಗತ್ತಿನ ಹೋಟೆಲುಗಳಲ್ಲೆಲ್ಲ ಅತ್ಯುನ್ನತವೆನಿಸಿತ್ತು. ವಾಸ್ತುಶಿಲ್ಪಿ ಐ. ಎಂ. ಪೇ ಅವರ ಸಂಯಮವನ್ನು ಮೆಚ್ಚಲೇಬೇಕು: ದುಂಡನೆಯ ಕಂಬದಂತಹ ಗೋಪುರ, ಅಲಂಕಾರದ ಹಂಗಿಲ್ಲದ ಮೈ. ದೂರದಿಂದ ನೋಡುವವರಿಗೆ ಅದು ಸುಂದರವೇ ಸರಿ.

ಆದರೆ ಆ ನೆಲ ಯಾವುದು? 1823ರಲ್ಲಿ ಸ್ಥಾಪಿತವಾದ ರಾಫಲ್ಸ್ ವಿದ್ಯಾಸಂಸ್ಥೆ 1972ರವರೆಗೆ ಇದ್ದುದು ಅಲ್ಲಿಯೇ. ಅನಂತರ ಶಾಲೆ ಬೇರೆಡೆಗೆ ತೆರಳಿತು, ಹಳೆಯ ಕಟ್ಟಡ ನೆಲಸಮವಾಯಿತು. (ಆಗಿನ ಪ್ರಧಾನಿ ಲೀ ಕ್ವಾನ್ ಯೂ ಆ ಶಾಲೆಯ ಹಳೆಯ ವಿದ್ಯಾರ್ಥಿ!) ಸಂಸ್ಥೆ ಇಂದಿಗೂ ಬಾಳಿದೆ, ವಿದ್ಯೆ ಅಳಿಯಿತೆಂದು ಗೋಳಿಡುವುದು ಸಲ್ಲದು. ನಮ್ಮ ಆಕ್ಷೇಪವಿರುವುದು ಶಿಲ್ಪದ ಬಗೆಗೆ. ತಾವು ಕಲಿತ ಪಾಠಶಾಲೆಯ ಜಗುಲಿಯನ್ನು ಮರೆಯಲಾರದ ನೀವೇ ಆಲೋಚಿಸಿರಿ: ಶತಮಾನಕ್ಕೂ ಹೆಚ್ಚು ಕಾಲದ ಗುರುಶಿಷ್ಯರು ನಡೆದಾಡಿದ ಅಂಗಳದ ಒಂದು ಗೆರೆಯಾದರೂ ಈ ಗೋಪುರದ ರೂಪದಲ್ಲಿ ಸೇರಿಕೊಂಡಿಲ್ಲ. ಇದನ್ನು ಬೇರಾವ ನಗರದಲ್ಲಿ ನಿಲ್ಲಿಸಿದ್ದರೂ ಹೀಗೆಯೇ ನಿಲ್ಲುತ್ತಿತ್ತು. ರಸ್ತೆಯಾಚೆಗಿನ, 1887ರಲ್ಲಿ ಆರಂಭವಾದ ರಾಫಲ್ಸ್ ಹೋಟೆಲೂ ವೈಭವದ್ದೇ. ಆದರೂ ಅದರ ಮೊಗಸಾಲೆ ದಾರಿಹೋಕನ ಅಳತೆಗೆ ಬಾಗಿದೆ.

ಗೋಪುರಕ್ಕೆ ದಕ್ಕಿರುವುದು ಹೆಸರೊಂದೇ. ಸ್ಟ್ಯಾಮ್‌ಫರ್ಡ್ ಎಂಬುದು ಶಾಲೆಯ ಸ್ಥಾಪಕ ರಾಫಲ್ಸನ ನಡುವಿನ ಹೆಸರು.