ರೂವಾರಿ ಮಲ್ಲಿತಮ್ಮನ ಅಂಕಿತ

ಸಕಲೇಶಪುರದ ಬೆಟ್ಟಸೀಮೆಗೆ ನೆರೆಯದಾದ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ವಿಗ್ರಹಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಅಂಕಿತಗಳುಂಟು. ಊರು, ತಂದೆಗಳ ಉಲ್ಲೇಖವಿರುವುದರಿಂದ ಅಲ್ಲಿ ವ್ಯಕ್ತಿನಿರ್ಣಯವು ಸುಲಭ. ಮಲ್ಲಿತಮ್ಮನ ವಿಷಯವು ಅಂತಹುದಲ್ಲ. 1196ರ ಅಮೃತಾಪುರದ ದೇವಾಲಯದಲ್ಲಿಯೂ 1246ರ ನುಗ್ಗೇಹಳ್ಳಿಯ ದೇವಾಲಯದಲ್ಲಿಯೂ ಇದೇ ಹೆಸರು ದೊರೆಯುತ್ತದೆ. ನಡುವಣ ಅಂತರ 50 ವರ್ಷ. ಇವನು ಒಬ್ಬನೇ ದೀರ್ಘಾಯುವೆಂಬ ವಾದವು ಅಸಾಧ್ಯವಲ್ಲವಾದರೂ ಸಿದ್ಧವೂ ಅಲ್ಲ. ನಾಮೈಕ್ಯವು ವ್ಯಕ್ತ್ಯೈಕ್ಯಕ್ಕೆ ಹೇತುವಾಗಲಾರದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮ ನಾಡಿನ ರೂಢಿ. ಜಪಾನಿನ ಖಡ್ಗಕಾರರಲ್ಲಿಯೂ ಒಂದೇ ಹೆಸರನ್ನು ಹಲವು ತಲೆಮಾರಿನವರು ಧರಿಸಿದುದುಂಟು. ಆದುದರಿಂದಲೇ ಅಲ್ಲಿಯ ಪರೀಕ್ಷಕರು ಹಿಡಿಯೊಳಗೆ ಕೊರೆದ ಹೆಸರನ್ನು ಅಲಗಿನ ಲಕ್ಷಣದೊಡನೆ ತಾಳೆ ನೋಡುತ್ತಾರೆ. ಇಲ್ಲಿಯೂ ಅಕ್ಷರದ ತಿರುವು, ಆಭರಣದ ಕೆತ್ತನೆ, ಮುಖದ ಪ್ರಮಾಣಗಳು ಹೆಸರಿಗೆ ಸಾಕ್ಷಿ ನುಡಿಯಬೇಕು. ಇಲ್ಲವಾದರೆ ಇಬ್ಬರ ಕೀರ್ತಿಯನ್ನು ಒಬ್ಬನಿಗೆ ಸಲ್ಲಿಸಿ ಮತ್ತೊಬ್ಬನನ್ನು ಅಳಿಸಿದಂತಾಗುವುದು.