ಐದು ಲಕ್ಷ ಸಲ ಒಂದೇ ಪದ

ಇದನ್ನು ಕೃತಿ ಎಂದು ಕರೆಯುವುದಾದರೆ ಇಷ್ಟು ಚಿಕ್ಕ ಕೃತಿ ಬೇರೆ ಸಿಗಲಾರದು. ಸಿಡ್ನಿಯ ಆರ್ಥರ್ ಸ್ಟೇಸ್ 1932ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಫುಟ್‌ಪಾತುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ‘ಎಟರ್ನಿಟಿ’, ಅಂದರೆ ನಿತ್ಯತ್ವ, ಎಂಬ ಒಂದೇ ಪದ. ಅಂದಾಜು ಐದು ಲಕ್ಷ ಸಲ!

ಸ್ಟೇಸ್ ಹುಟ್ಟಿದ್ದು 1885ರಲ್ಲಿ, ಕಡುಬಡತನದಲ್ಲಿ. ಓದುಬರಹ ಅಷ್ಟಕ್ಕಷ್ಟೆ, ಕುಡಿತ ಮಾತ್ರ ಮಿತಿಮೀರಿತ್ತು. 1930ರ ಆಗಸ್ಟಿನಲ್ಲಿ ಬ್ರಾಡ್‌ವೇಯ ಸೇಂಟ್ ಬಾರ್ನಬಾಸ್ ಚರ್ಚಿನಲ್ಲಿ ಪಾದ್ರಿ ಆರ್. ಬಿ. ಎಸ್. ಹ್ಯಾಮಂಡ್ ನಡೆಸುತ್ತಿದ್ದ ಸಭೆಗೆ ಹೋದದ್ದೂ ಅಲ್ಲಿ ಕೊಡುವ ಚಹಾ, ತಿಂಡಿಯ ಆಸೆಗೆ. ಹೋದವನು ವಿಶ್ವಾಸಿಯಾದ. ಎರಡು ವರ್ಷದ ಬಳಿಕ ಡಾರ್ಲಿಂಗ್‌ಹರ್ಸ್ಟಿನ ಬ್ಯಾಪ್ಟಿಸ್ಟ್ ಟ್ಯಾಬರ್ನಾಕಲ್‌ನಲ್ಲಿ ಜಾನ್ ರಿಡ್ಲಿ ಯೆಶಾಯನ ಗ್ರಂಥದ 57:15ರ ಮೇಲೆ ಮಾಡಿದ ಪ್ರಸಂಗ ಕೇಳಿ ಹೊರಬಂದವನೇ ನೆಲದ ಮೇಲೆ ಆ ಪದವನ್ನು ಬರೆದ. ತನ್ನ ಹೆಸರನ್ನೇ ಸರಿಯಾಗಿ ಬರೆಯಲು ಬಾರದವನ ಕೈಯಿಂದ ಈ ಪದ ಮಾತ್ರ ಬಳುಕುವ, ಅಂದವಾದ ಅಕ್ಷರಗಳಲ್ಲಿ ಇಳಿಯಿತು. ಬೆಳಗಿನ ಜಾವದಲ್ಲೇ ಬರೆದು ಹೋಗುತ್ತಿದ್ದ. ಯಾರ ಕೈಬರಹವೆಂದು ಊರಿಗೆ ಗೊತ್ತಾದದ್ದು 1956ರಲ್ಲಿ. ನಮ್ಮ ವಚನಕಾರರು ಅಂಕಿತವನ್ನಾದರೂ ಇಟ್ಟರು, ಇವನು ಅದನ್ನೂ ಇಡಲಿಲ್ಲ. ಮಳೆ ಬಂದರೆ ಅಳಿಸಿಹೋಗುವ ಸುಣ್ಣದಲ್ಲಿ ಅಳಿಯದ್ದನ್ನು ಬರೆಯುವುದರಲ್ಲೇ ಈ ಕೃತಿಯ ಜೀವ ಇದೆ.

ಆದರೆ ಪದವೊಂದೇ ಸಾಕೆ? ನಿತ್ಯತ್ವ ಯಾರೊಡನೆ, ಯಾವ ದಾರಿಯಿಂದ ಎಂದು ಫುಟ್‌ಪಾತು ಹೇಳುವುದಿಲ್ಲ. ಕ್ರಿಸ್ತನ ಹೆಸರಿಲ್ಲ, ಶಿಲುಬೆಯಿಲ್ಲ, ಪುನರುತ್ಥಾನವಿಲ್ಲ. ಓದಿದವನಿಗೆ ನಡುಕ ಹುಟ್ಟಬಹುದು, ನಿರೀಕ್ಷೆ ಹುಟ್ಟಲೇಬೇಕೆಂದಿಲ್ಲ. ಇದರ ಎದುರು ಮೆಲ್ಬರ್ನನ್ನು ಇಟ್ಟು ನೋಡಿ. 1959ರ ಮಾರ್ಚ್ 15ರಂದು ಅಲ್ಲಿನ ಕ್ರಿಕೆಟ್ ಮೈದಾನದಲ್ಲಿ ಸುವಾರ್ತಾ ಪ್ರಸಂಗಿ ಬಿಲ್ಲಿ ಗ್ರಹಾಂ ಅವರ ಮಾತು ಕೇಳಲು ಸುಮಾರು 1,43,000 ಜನ ಸೇರಿದ್ದರು. ಅಲ್ಲಿ ಪ್ರಸಂಗವಿತ್ತು, ಮುಂದೆ ಬಂದವರೊಡನೆ ಕೂತು ಪ್ರಾರ್ಥಿಸುವವರಿದ್ದರು, ಅವರನ್ನು ಹತ್ತಿರದ ಚರ್ಚಿಗೆ ಒಪ್ಪಿಸುವ ಏರ್ಪಾಡಿತ್ತು. ಸ್ಟೇಸನ ಓದುಗ ಒಂಟಿ. ಈ ಲೆಕ್ಕದಲ್ಲಿ ಗ್ರಹಾಂ ಅವರ ಪಠ್ಯವೇ ಪೂರ್ಣ. ಆದರೂ ಜಾತ್ರೆಯಂಥ ಈ ಸಭೆಗಳ ಸರಣಿ ಕೆಲವು ವಾರಗಳದ್ದು. ದಿನಾ ನಸುಕಿಗೆದ್ದು ಮಂಡಿಯೂರುವ ಬಾಳಿಗೆ ಬೇರೆಯೇ ತೂಕವಿದೆ. ‘ನಿತ್ಯತ್ವದ ದೃಷ್ಟಿಯಿಂದ ಬದುಕಿ’ ಎಂದು ವೇದಿಕೆಯಿಂದ ಹೇಳುವುದು ಸುಲಭ. ಅದನ್ನು ಬೆಳಗಿನ ಚಳಿಯಲ್ಲಿ ಮಾಡಿ ತೋರಿಸಿದವನ ಮುಂದೆ ನನ್ನ ತಕರಾರು ಸ್ವಲ್ಪ ಸಣ್ಣದಾಗುತ್ತದೆ.

ಮುಂದೆ ನಗರ ಆ ಪದವನ್ನು ತನ್ನದಾಗಿಸಿಕೊಂಡಿತು. 2000ದ ಹೊಸವರ್ಷದ ರಾತ್ರಿ ಪಟಾಕಿಗಳ ನಡುವೆ ಹಾರ್ಬರ್ ಸೇತುವೆಯ ಮೇಲೆ ಅದೇ ಕೈಬರಹ ಬೆಳಗಿತು. ರಿಡ್ಲಿ ಪ್ರಸಂಗ ಮಾಡಿದ್ದ ಚರ್ಚು 2013ರಲ್ಲಿ ಎಟರ್ನಿಟಿ ಪ್ಲೇಹೌಸ್ ಎಂಬ ನಾಟಕ ಮಂದಿರವಾಯಿತು. ನಾಟಕದ ಬಗ್ಗೆ ನನಗೆ ದೂರಿಲ್ಲ, ಸೇತುವೆಯ ಬಗ್ಗೆ ಇದೆ. ಸಾವನ್ನೂ ನ್ಯಾಯತೀರ್ಪನ್ನೂ ನೆನಪಿಸಲು ಬರೆದ ಪದ ಅಲ್ಲಿ ಊರಿನ ಹೆಮ್ಮೆಯ ಲಾಂಛನವಾಗಿ ಉಳಿಯಿತು. ಕ್ರಿಸ್ತನತ್ತ ಬೊಟ್ಟುಮಾಡದೆ ಬಿಟ್ಟ ಪದವನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಆ ದೋಷ ಕೃತಿಯಲ್ಲೇ ಇತ್ತು.

ಪರಲೋಕ ನೋಡುವವರಿಗೆ ಇಹದ ಹಸಿವು ಕಾಣದು ಎಂಬ ಹಳೆಯ ಆಕ್ಷೇಪವನ್ನು ಮಾತ್ರ ಇಲ್ಲಿ ಒಪ್ಪಲಾರೆ. ಸ್ಟೇಸ್ ಸುಣ್ಣ ಹಿಡಿದ 1932ರಲ್ಲೇ, ಆರ್ಥಿಕ ಮಹಾಕುಸಿತದ ನಡುವೆ, ಅವನಿಗೆ ಚಹಾ ಕೊಟ್ಟ ಅದೇ ಹ್ಯಾಮಂಡ್ ಸಿಡ್ನಿಯ ಹೊರವಲಯದ ಲಿವರ್‌ಪೂಲ್ ಬಳಿ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದ ಕುಟುಂಬಗಳಿಗಾಗಿ ಮನೆಗಳನ್ನು ಕಟ್ಟಿಸತೊಡಗಿದರು. ಸ್ಟೇಸನ ಪದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಇಲ್ಲ. ಆ ಬಡಾವಣೆಗೆ ಹ್ಯಾಮಂಡ್‌ವಿಲ್ ಎಂದು ಹೆಸರು. ಅಲ್ಲಿ ಶುರುವಾದ ಸಂಸ್ಥೆ ಇಂದಿಗೂ ವೃದ್ಧರನ್ನೂ ಮರೆವಿನ ಕಾಯಿಲೆಯವರನ್ನೂ ನೋಡಿಕೊಳ್ಳುತ್ತಿದೆ.